ಪೈವಳಿಕೆಯಲ್ಲಿ ಜಾಗ ಕೊಳ್ಳಲು ಮಾವನ ಹೆಸರಿನ ತೆರಿಗೆ ರಶೀದಿ ಸಾಕಾ? ಆರ್‌ಟಿಸಿ ಎಲ್ಲಿ ಸಿಗುತ್ತದೆ?

ನೀವು ಮಂಗಳೂರಿನವರು. ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿರುವ ಸೋದರಮಾವನಿಂದ 40 ಸೆಂಟ್ಸ್ ತೋಟ ಕೊಳ್ಳಬೇಕೆಂದಿದ್ದೀರಿ. ಅವರು ತೆರಿಗೆ ರಶೀದಿ ತೋರಿಸಿ ಅಡ್ವಾನ್ಸ್ ಕೇಳುತ್ತಿದ್ದಾರೆ. ದಯವಿಟ್ಟು ಈಗಲೇ ಹಣ ಕೊಡಬೇಡಿ.

ನಾನು ಕಾಸರಗೋಡಿನಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಹಳೆಯ ಕನ್ನಡ ದಸ್ತಾವೇಜುಗಳನ್ನು ಓದಿಕೊಡುತ್ತೇನೆ. ಕರ್ನಾಟಕದ ಹಾಗೆ ಇಲ್ಲಿ ಆರ್‌ಟಿಸಿ (ಪಹಣಿ) ಇಲ್ಲ. ವಿಲೇಜ್ ಆಫೀಸಿನಲ್ಲಿ ತಂಡಪ್ಪೇರು ಎಂಬ ಖಾತೆ ಇರುತ್ತದೆ, ತೆರಿಗೆ ಕಟ್ಟುವುದು ಅದರ ಮೇಲೆ. ಖಾತೆ ಯಾರ ಹೆಸರಲ್ಲಿದೆಯೋ ಅವರೇ ಒಡೆಯರು ಅಂತ ಏನೂ ಇಲ್ಲ. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ.

ಹಾಗಾದರೆ ಜಾಗ ಮಾವನಿಗೆ ಬಂದದ್ದು ಹೇಗೆ? ಮೊದಲು ಅದನ್ನು ಕೇಳಿ. ಹಿಂದೆ ಗೇಣಿಗೆ ಇದ್ದ ಜಾಗವಾದರೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟ್, ಅಂದರೆ ಪಟ್ಟಯ ಇರಬೇಕು. ಕೇರಳದಲ್ಲಿ ಗೇಣಿದಾರರ ಕೈಯಲ್ಲಿದ್ದ ಭೂಮಿಯ ಮೇಲೆ ಧಣಿಗಳಿಗಿದ್ದ ಹಕ್ಕು 1970ರ ಜನವರಿ 1ರಂದು ಸರ್ಕಾರಕ್ಕೆ ಸೇರಿತು. ಅದು ಗೇಣಿದಾರರ ಕೈಗೆ ಬಂದದ್ದಕ್ಕೆ ಪಟ್ಟಯವೇ ಸಾಕ್ಷಿ. ಅದರಲ್ಲಿ ಒಬ್ಬರದೇ ಹೆಸರಿದ್ದರೂ ಗೇಣಿ ಇಡೀ ಕುಟುಂಬದ್ದಾಗಿತ್ತಾ ಅಂತ ವಿಚಾರಿಸಿ.

ನಿಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಹರಿದುಬರುವ ಮನೆತನ ಎಂದು ಬರೆದಿದ್ದೀರಿ. ನನಗೆ ಹೆಚ್ಚು ಚಿಂತೆ ಅದರದ್ದೇ. ಕೇರಳ 1975ರ ಕಾನೂನಿನ ಮೂಲಕ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು. ಆ ಕಾನೂನು 1976ರ ಡಿಸೆಂಬರ್ 1ಕ್ಕೆ ಜಾರಿಗೆ ಬಂತು. ಅಂದು ಪಾಲಾಗದೆ ಉಳಿದಿದ್ದ ಕುಟುಂಬದ ಆಸ್ತಿಯಲ್ಲಿ ಹೆಂಗಸರು, ಮಕ್ಕಳು ಸೇರಿ ಪ್ರತಿಯೊಬ್ಬರಿಗೂ ತಲೆಗೊಂದರಂತೆ ಪಾಲು ಬಿತ್ತು. ಯಜಮಾನರು ಒಬ್ಬರೇ ತೆರಿಗೆ ಕಟ್ಟುತ್ತಾ ಬಂದರೆ ಉಳಿದವರ ಪಾಲು ಹೋಗುವುದಿಲ್ಲ. ಮುಂಬೈಯಲ್ಲಿರುವ ದೊಡ್ಡಮ್ಮನ ಮಕ್ಕಳೂ ಪಾಲುದಾರರಾಗಿರಬಹುದು. ನಿಮ್ಮ ತಾಯಿಗೇ ಪಾಲು ಇರಬಹುದು, ಅವರನ್ನು ಕೇಳಿದ್ದೀರಾ? ರಿಜಿಸ್ಟರ್ ಆದ ಪಾಲುಪಟ್ಟಿ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಎಲ್ಲರ ಸಹಿ ಬೇಕು. ಸಂಬಂಧಿಕರು ತಾನೇ ಎಂದು ಸುಮ್ನೆ ಬಿಡಬೇಡಿ. ಇಂಥ ವ್ಯಾಜ್ಯಗಳು ಜಾಸ್ತಿ ಹುಟ್ಟುವುದೇ ಸಂಬಂಧಿಕರ ನಡುವೆ.

ಜಾಗದಲ್ಲಿ ಹಿಂದೆ ಗದ್ದೆ ಇತ್ತಾ? ಹಾಗಿದ್ದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನಿನ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಪಟ್ಟಿಯಲ್ಲಿ, ಸರ್ವೆ ನಂಬರ್ ಇದೆಯೇ ನೋಡಿ. ಇದ್ದರೆ ಮನೆ ಕಟ್ಟುವುದು ಕಷ್ಟ. ಕುಮ್ಕಿಯನ್ನು, ಅಂದರೆ ತೋಟಕ್ಕೆ ತಾಗಿ ಸೊಪ್ಪು ಸೌದೆಗೆ ಬಳಸುವ ಜಾಗವನ್ನು, 40 ಸೆಂಟ್ಸ್‌ಗೆ ಸೇರಿಸಿ ಅಳೆದಿದ್ದಾರಾ ಅಂತಲೂ ಕೇಳಿ. ಕುಮ್ಕಿ ಸರ್ಕಾರದ ಜಾಗ.

ಋಣಭಾರ ಪತ್ರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುತ್ತದೆ. ನೋಂದಣಿಗೆ 8 ಶೇಕಡಾ ಮುದ್ರಾಂಕ, 2 ಶೇಕಡಾ ಶುಲ್ಕ.

ತಕರಾರು ಎದ್ದರೆ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. ಪಾಲು, ಹಕ್ಕಿನ ದಾವೆ ಇಲ್ಲಿಯ ಸಿವಿಲ್ ಕೋರ್ಟಿಗೆ, ಮಂಗಳೂರಿಗಲ್ಲ. ಗೇಣಿಯ ಪ್ರಶ್ನೆ ಬಂದರೆ ಆ ಕೋರ್ಟೇ ಅದನ್ನು ಲ್ಯಾಂಡ್ ಟ್ರಿಬ್ಯೂನಲಿಗೆ ಕಳಿಸುತ್ತದೆ.