ಕಾಲು ಸೋತರೆ ಮಲದ ಸ್ಯಾಂಪಲ್ ಯಾಕೆ ಕೇಳುತ್ತಾರೆ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 6 ವರ್ಷ. ಹೋದ ವಾರ ಜ್ವರ ಬಂತು, ಊರಲ್ಲೇ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿದೆವು. ಎರಡು ದಿನ ಬಿಟ್ಟು ಬಲಗಾಲು ಎಳೆಯುತ್ತಾ ನಡೆಯತೊಡಗಿದ. ಆಸ್ಪತ್ರೆಗೆ ತೋರಿಸಿದ ಮರುದಿನವೇ ಆರೋಗ್ಯ ಇಲಾಖೆಯವರು ಮನೆಗೆ ಬಂದರು. ಎರಡು ಸಲ ಮಲದ ಸ್ಯಾಂಪಲ್ ತೆಗೆದುಕೊಂಡು ಐಸ್ ಬಾಕ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. 'ಜೀವಕೋಶದಲ್ಲಿ ಬೆಳೆಸಿ ನೋಡುತ್ತಾರೆ, ಎರಡು ವಾರ ಬೇಕು' ಎಂದರು. ಕಾಲು ಸೋತರೆ ಮಲ ಯಾಕೆ? ಓಣಿಯಲ್ಲೆಲ್ಲ ಪೋಲಿಯೊ ಅಂತ ಸುದ್ದಿ ಹಬ್ಬಿದೆ. ಹನಿ ಒಂದೂ ತಪ್ಪಿಸಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.
— ಒಬ್ಬ ತಾಯಿ, ಸಿಂಧನೂರು

ಉತ್ತರ: ತಾಯಿ, ಮೊದಲು ಇದನ್ನು ಓಣಿಯವರಿಗೂ ಹೇಳಿ. ಸ್ಯಾಂಪಲ್ ತೆಗೆದುಕೊಂಡರು ಅಂದರೆ ಪೋಲಿಯೊ ಬಂದಿದೆ ಅಂತ ಅಲ್ಲ. 15 ವರ್ಷದೊಳಗಿನ ಯಾವುದೇ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋತರೆ, ಕಾರಣ ಏನೇ ಇರಲಿ, ಮಲ ಪರೀಕ್ಷೆ ಮಾಡಲೇಬೇಕು. ಅದು ನಿಯಮ. ನಮ್ಮ ದೇಶದಲ್ಲಿ ಕಾಡು ಪೋಲಿಯೊ ವೈರಸ್‌ನ (ಅಂದರೆ ಲಸಿಕೆಯದ್ದಲ್ಲದ, ತಾನಾಗಿಯೇ ಹರಡುವ ವೈರಸ್‌ನ) ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಅದು ಹೀಗೇ ಉಳಿಯಬೇಕಾದರೆ ಸೋತ ಒಂದೊಂದು ಕಾಲನ್ನೂ ಪರೀಕ್ಷೆ ಮಾಡುತ್ತಲೇ ಇರಬೇಕು.

ನಿಮ್ಮ ಮಗನಿಗೆ ಇಂಜೆಕ್ಷನ್ ಸೂಜಿ ಕಾಲಿನ ನರಕ್ಕೆ ತಗುಲಿರಬಹುದು. ನಮ್ಮ ಭಾಗದಲ್ಲಿ ಸಣ್ಣ ಜ್ವರಕ್ಕೂ ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವ ರೂಢಿ ಜಾಸ್ತಿ. ಹಾಗಂತ ಸೂಜಿಯದ್ದೇ ತಪ್ಪು ಅಂತ ಸುಮ್ನೆ ಬಿಡುವ ಹಾಗೂ ಇಲ್ಲ. ಮೈಯಲ್ಲಿ ಪೋಲಿಯೊ ವೈರಸ್ ಇದ್ದಾಗ ಇಂಜೆಕ್ಷನ್ ಬಿದ್ದರೆ, ಬಿದ್ದ ಕಾಲೇ ಸೋಲುವುದುಂಟು. ಅದಕ್ಕೇ ಪರೀಕ್ಷೆ. ಇನ್ನೊಂದು ಮಾತು, ಇದನ್ನು ಮರೆಯಬೇಡಿ: ಸೋಲು ಇನ್ನೊಂದು ಕಾಲಿಗೂ ಹರಡಿದರೆ, ಮೇಲಕ್ಕೆ ಏರಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಿಪೋರ್ಟ್ ಕಾಯಬೇಡಿ. ಆ ಕ್ಷಣವೇ ರಾಯಚೂರಿನ ರಿಮ್ಸ್ ಆಸ್ಪತ್ರೆಗೋ ಬಳ್ಳಾರಿಯ ದೊಡ್ಡಾಸ್ಪತ್ರೆಗೋ ಕರೆದುಕೊಂಡು ಹೋಗಿ. ಅದು ಗಿಲನ್ ಬರೆ ಅನ್ನುವ ಬೇರೆ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ತಡ ಮಾಡಬಾರದು. ಕಾಲು ಸುಧಾರಿಸುವವರೆಗೆ ಸೊಂಟಕ್ಕೆ ಮತ್ತೆ ಇಂಜೆಕ್ಷನ್ ಹಾಕಿಸಬೇಡಿ.

ಈಗ ಮಲದ ವಿಷಯ. ಪೋಲಿಯೊ ವೈರಸ್ ಬಾಯಿಯಿಂದ ಹೊಟ್ಟೆಗೆ ಹೋಗಿ ಕರುಳಿನಲ್ಲಿ ಬೆಳೆಯುತ್ತದೆ. ಬೆನ್ನುಹುರಿಗೆ ಹೋಗಿ ಕಾಲನ್ನು ಕೆಡಿಸುವುದು ಬಹಳ ಕಡಿಮೆ ಮಕ್ಕಳಲ್ಲಿ. ಕರುಳಿನಿಂದ ಮಲದ ಜೊತೆ ಮಾತ್ರ ವಾರಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ. ಆದರೆ ದಿನಾ ಒಂದೇ ಸಮ ಬರುವುದಿಲ್ಲ, ಒಂದು ದಿನ ಇದ್ದು ಇನ್ನೊಂದು ದಿನ ಇರುವುದಿಲ್ಲ. ಅದಕ್ಕೇ 24 ಗಂಟೆ ಅಂತರದಲ್ಲಿ ಎರಡು ಸಲ ಕೇಳುವುದು. ಅದೂ ಕಾಲು ಸೋತ 14 ದಿನದೊಳಗೆ.

ಎರಡು ವಾರ ಯಾಕೆ ಅಂದರೆ, ವೈರಸ್ ಬ್ಯಾಕ್ಟೀರಿಯಾದ ಹಾಗಲ್ಲ. ಬ್ಯಾಕ್ಟೀರಿಯಾ ಊಟ ಹಾಕಿದ ತಟ್ಟೆಯಲ್ಲಿ ತಾನೇ ಬೆಳೆಯುತ್ತದೆ. ವೈರಸ್‌ಗೆ ಜೀವ ಇರುವ ಕೋಶವೇ ಬೇಕು. ಹಿಂದೆ ಪೋಲಿಯೊ ವೈರಸ್ ಹುಡುಕಲು ಮಂಗಗಳಿಗೆ ಚುಚ್ಚಬೇಕಿತ್ತು. 1949ರಲ್ಲಿ ಅಮೆರಿಕದ ಎಂಡರ್ಸ್, ವೆಲ್ಲರ್, ರಾಬಿನ್ಸ್ ಮೂವರೂ ಸೇರಿ ನರದ್ದಲ್ಲದ ಮಾಮೂಲಿ ಕೋಶಗಳಲ್ಲೂ ಅದನ್ನು ಬೆಳೆಸಿ ತೋರಿಸಿದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಮಗ ಕುಡಿದ ಹನಿಯೂ ಆ ದಾರಿಯಿಂದಲೇ ಬಂದದ್ದು.

ಲ್ಯಾಬಿನಲ್ಲಿ ಮೊದಲು ಮಲಕ್ಕೆ ಕ್ಲೋರೋಫಾರ್ಮ್ ಹಾಕಿ, ಗಾಜಿನ ಮಣಿಗಳ ಜೊತೆ ಚೆನ್ನಾಗಿ ಕುಲುಕುತ್ತಾರೆ. ಬ್ಯಾಕ್ಟೀರಿಯಾ ಸಾಯುತ್ತವೆ. ಪೋಲಿಯೊ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಕ್ಲೋರೋಫಾರ್ಮಿಗೆ ಜಗ್ಗುವುದಿಲ್ಲ. ಮೇಲಿನ ತಿಳಿಯನ್ನು ಕೋಶಗಳಿರುವ ಟ್ಯೂಬಿಗೆ ಹಾಕಿ 36 ಡಿಗ್ರಿಯಲ್ಲಿ ಇಡುತ್ತಾರೆ. ದಿನಾ ಮೈಕ್ರೋಸ್ಕೋಪ್ ಕೆಳಗೆ ನೋಡುತ್ತಾರೆ.

ಅಲ್ಲಿ ಕಾಣುವುದನ್ನು ನಿಮಗೆ ಹೇಗೆ ಹೇಳಲಿ? ನೀವು ಸಿಂಧನೂರಿನವರು, ಗದ್ದೆ ನೋಡಿ ಬೆಳೆದವರು. ಚೆನ್ನಾಗಿರುವ ಕೋಶಗಳು ಸಂದು ಬಿಡದೆ ಹಬ್ಬಿದ ಭತ್ತದ ಪೈರಿನ ಹಾಗೆ ಟ್ಯೂಬಿನ ಗೋಡೆಗೆ ಅಂಟಿಕೊಂಡಿರುತ್ತವೆ. ವೈರಸ್ ಇದ್ದರೆ, ಬೆಂಕಿ ರೋಗ ಗದ್ದೆಯ ಒಂದು ಮೂಲೆಯಲ್ಲಿ ಶುರುವಾಗುವ ಹಾಗೆ, ಅಲ್ಲೊಂದು ಇಲ್ಲೊಂದು ಕೋಶ ಮುದುಡುತ್ತದೆ. ಉದ್ದಕ್ಕಿದ್ದದ್ದು ನವಣೆ ಕಾಳಿನ ಹಾಗೆ ಗುಂಡಗಾಗಿ ಹೊಳೆಯುತ್ತದೆ. ಮರುದಿನ ನೋಡಿದರೆ ಅಕ್ಕಪಕ್ಕದವೂ ಹಾಗೇ. ಕೊನೆಗೆ ಗೋಡೆ ಬಿಟ್ಟು ತೇಲತೊಡಗುತ್ತವೆ. ಮಲ ಹಾಕದ ಒಂದು ಟ್ಯೂಬನ್ನೂ ಪಕ್ಕದಲ್ಲೇ ಇಟ್ಟಿರುತ್ತಾರೆ. ಅದರ ಕೋಶಗಳು ಹಸನಾಗಿದ್ದರೆ ಮಾತ್ರ ಈ ಸಾವಿಗೆ ಅರ್ಥ. ಓದುವಾಗ ಮೊದಲ ಸಲ ಇದನ್ನು ನೋಡಿದ ದಿನ ನನಗೆ ಮಾತೇ ಹೊರಡಲಿಲ್ಲ. ಕಣ್ಣಿಗೆ ಕಾಣದ ವೈರಸ್ ಮಾಡಿದ ಕೆಲಸ ಕಣ್ಣೆದುರೇ ಇತ್ತು.

ಎರಡು ಬಗೆಯ ಕೋಶ ಬಳಸುತ್ತಾರೆ. ಒಂದರ ಹೆಸರು ಆರ್‌ಡಿ. 1960ರ ದಶಕದ ಕೊನೆಗೆ ಒಬ್ಬ ಪುಟ್ಟ ಹುಡುಗಿಯ ಸ್ನಾಯುವಿನ ಗಡ್ಡೆಯಿಂದ ತೆಗೆದದ್ದು, ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಿದೆ. ಕರುಳಿನ ಹಲವು ವೈರಸ್‌ಗಳು ಇದರಲ್ಲಿ ಬೆಳೆಯುತ್ತವೆ. ಇನ್ನೊಂದು ಎಲ್20ಬಿ, ಇಲಿಯ ಕೋಶ. ಪೋಲಿಯೊ ವೈರಸ್ ಇಲಿಯ ಕೋಶದೊಳಗೆ ಹೋಗಲಾರದು, ಅದಕ್ಕೆ ಬೇಕಾದ ಬಾಗಿಲು ಅಲ್ಲಿಲ್ಲ. ಮನುಷ್ಯರ ಒಂದು ಜೀನ್ ಸೇರಿಸಿ ಆ ಬಾಗಿಲು ಇಟ್ಟಿದ್ದಾರೆ. ಹಾಗಾಗಿ ಎಲ್20ಬಿ ಕೋಶ ಸತ್ತರೆ ಪೋಲಿಯೊ ಇರಬಹುದು ಅಂತ ಅನುಮಾನ. ಆರ್‌ಡಿ ಒಂದೇ ಸತ್ತರೆ ಸಾಮಾನ್ಯವಾಗಿ ಬೇರೆ ವೈರಸ್. 5 ದಿನ ನೋಡಿ, ಏನೂ ಕಾಣದಿದ್ದರೆ ಅದೇ ದ್ರವವನ್ನು ಹೊಸ ಕೋಶಗಳಿಗೆ ಹಾಕಿ ಮತ್ತೆ 5 ದಿನ ಕಾಯುತ್ತಾರೆ. ಹತ್ತು ದಿನ ಇದಕ್ಕೇ ಹೋಗುತ್ತದೆ, ಅದಕ್ಕೇ ಎರಡು ವಾರ. 'ಇಲ್ಲ' ಅಂತ ಬರೆಯುವ ಮುಂಚೆ ಅಷ್ಟು ಕಾಯಲೇಬೇಕು.

ಒಂದು ವೇಳೆ ವೈರಸ್ ಸಿಕ್ಕರೂ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಹನಿಯಲ್ಲಿರುವುದೂ ಜೀವ ಇರುವ, ಆದರೆ ಬಲ ಕುಗ್ಗಿಸಿದ ವೈರಸ್. ಇತ್ತೀಚೆಗೆ ಹನಿ ಹಾಕಿಸಿದ್ದರೆ ಅದೇ ಮಲದಲ್ಲಿ ಕಾಣಬಹುದು. ಯಾವುದು ಲಸಿಕೆಯ ವೈರಸ್, ಯಾವುದು ಕಾಡು ವೈರಸ್ ಅಂತ ಪಿಸಿಆರ್ (ವೈರಸ್‌ನ ಜೀನ್ ನೋಡುವ ಪರೀಕ್ಷೆ) ಮಾಡಿ ಬೇರ್ಪಡಿಸುತ್ತಾರೆ.

ಐಸ್ ಬಾಕ್ಸ್ ನೋಡಿ ಹೆದರಿದಿರಿ ಅನ್ನಿಸುತ್ತದೆ. ನಮ್ಮ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ದಾರಿಯಲ್ಲಿ ಐಸ್ ಕರಗಿ ಸ್ಯಾಂಪಲ್ ಬಿಸಿಯಾದರೆ ವೈರಸ್ ಸತ್ತುಹೋಗಬಹುದು, ಆಗ ರಿಪೋರ್ಟ್ ಸುಳ್ಳಾಗುತ್ತದೆ. ಮುಚ್ಚಳ ಸಡಿಲವಾಗಿ ಸೋರಿದ ಡಬ್ಬಿಯೊಂದನ್ನು ನಾನೇ ನೋಡಿದ್ದೇನೆ. ಆ ಮಗುವಿನ ಮನೆಗೆ ಮತ್ತೆ ಹೋಗಬೇಕಾಯಿತು. ಕಾಲು ಸೋತು 60 ದಿನವಾದ ಮೇಲೆ ನಿಮ್ಮ ಮನೆಗೂ ಯಾರಾದರೂ ಬಂದು ಮಗನನ್ನು ನಡೆಸಿ ನೋಡಬಹುದು. ಬೇಸರ ಮಾಡಿಕೊಳ್ಳದೆ ತೋರಿಸಿ.

ಪ್ರಶ್ನೆ: ಹಾಗಾದರೆ ಡೆಂಗಿಯನ್ನೂ ಹೀಗೆ ಬೆಳೆಸಿ ಯಾಕೆ ಪಕ್ಕಾ ಮಾಡುವುದಿಲ್ಲ?
— ಕಾಲೇಜು ವಿದ್ಯಾರ್ಥಿ, ಕೊಪ್ಪಳ

ಉತ್ತರ: ಬೆಳೆಸಬಹುದು. ಡೆಂಗಿಗೆ ಸಾಮಾನ್ಯವಾಗಿ ಸೊಳ್ಳೆಯ ಕೋಶ ಬಳಸುತ್ತಾರೆ, ಅದಕ್ಕೆ 28 ಡಿಗ್ರಿ ಸಾಕು. ಜಗತ್ತೆಲ್ಲ ಬಳಸುವ ಆ ಸೊಳ್ಳೆ ಕೋಶದ ಮೂಲ 1967ರಲ್ಲಿ ನಮ್ಮ ಪುಣೆಯಲ್ಲೇ ಸಿದ್ಧವಾದದ್ದು. ಆದರೆ ವೈರಸ್ ಬೆಳೆಯುವಷ್ಟರಲ್ಲಿ ರೋಗಿಯ ಜ್ವರವೇ ಇಳಿದಿರುತ್ತದೆ. ಪ್ಲೇಟ್‌ಲೆಟ್ ನೋಡಬೇಕಾದ ಡಾಕ್ಟರಿಗೆ ಉತ್ತರ ಇವತ್ತೇ ಬೇಕು. ಅದಕ್ಕೇ ರಕ್ತದಲ್ಲಿ ಮೊದಲ 5 ದಿನ ಎನ್‌ಎಸ್1 (ವೈರಸ್‌ನದ್ದೇ ಒಂದು ಪ್ರೋಟೀನ್), ಆಮೇಲೆ ಐಜಿಎಂ (ವೈರಸ್ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯ) ನೋಡುತ್ತಾರೆ. ರಕ್ತ ಕೊಡುವಾಗ ಜ್ವರ ಶುರುವಾದ ತಾರೀಖನ್ನು ಸರಿಯಾಗಿ ಬರೆಸಿ. ಯಾವ ಪರೀಕ್ಷೆ ಮಾಡಬೇಕು ಅನ್ನುವುದು ಆ ತಾರೀಖಿನ ಮೇಲೇ ನಿಂತಿದೆ.