ಆ ಒಂದು ಗಂಟೆಯನ್ನು ಯಾರ ಹತ್ತಿರ ಕೇಳಲಿ?

ದಾವಣಗೆರೆಯ ವಿದ್ಯಾನಗರದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಕಳೆದ ಸಂಚಿಕೆಯಲ್ಲಿ ತಾಯಂದಿರು ದಿನಕ್ಕೊಂದು ಗಂಟೆ ತಮಗಾಗಿ ಇಟ್ಟುಕೊಳ್ಳಬೇಕು, ಚಿತ್ರ ಬಿಡಿಸಬೇಕು, ಹಾಡಬೇಕು ಅಂತ ಬರೆದಿದ್ದೀರಿ. ನನಗೆ ಇಬ್ಬರು ಮಕ್ಕಳು. ಐದೂವರೆಗೆ ಏಳುತ್ತೇನೆ. ತಿಂಡಿ, ಡಬ್ಬಿ, ಆಫೀಸು, ಸಂಜೆ ಹೋಂವರ್ಕು, ಮತ್ತೆ ಅಡುಗೆ. ಪಿಯುಸಿ ಆದ ಮೇಲೆ ಇಲ್ಲಿನ ದೃಶ್ಯಕಲಾ ಕಾಲೇಜಿಗೆ ಸೇರುವ ಆಸೆ ಇತ್ತು, ಮನೆಯಲ್ಲಿ ಬಿಕಾಂಗೆ ಸೇರಿಸಿದರು. ಚಿತ್ರ ಬಿಡಿಸಿ 11 ವರ್ಷ ಆಯ್ತು. ಆ ಒಂದು ಗಂಟೆಯನ್ನು ಯಾರ ಹತ್ತಿರ ಕೇಳಲಿ? ಸುಮ್ನೆ ಕೂತರೆ ನನಗೇ ತಪ್ಪು ಮಾಡಿದ ಹಾಗೆ ಅನಿಸುತ್ತದೆ."

ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ದಿನಕ್ಕೊಂದು ಗಂಟೆ ಎಂದು ಬರೆದವರು ಆ ಗಂಟೆ ಎಲ್ಲಿಂದ ಬರುತ್ತದೆ ಎಂದು ಹೇಳಲಿಲ್ಲ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನವನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು, ಗಂಡಸರು 97 ನಿಮಿಷ. ನಿಮ್ಮ ಗಂಟೆ ಈ ಎರಡು ಅಂಕಿಗಳ ನಡುವೆ ಇದೆ. ಅದನ್ನು ನಿಮ್ಮ ನಿದ್ದೆಯಿಂದ ಕತ್ತರಿಸಿ ತೆಗೆಯಬೇಡಿ. ಮನೆಯವರ ಹತ್ತಿರವೇ ಕೇಳಿ. "ಸ್ವಲ್ಪ ಸಹಾಯ ಮಾಡಿ" ಅಂತ ಕೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ. "ಮಂಗಳವಾರ, ಶುಕ್ರವಾರ ರಾತ್ರಿ ಪಾತ್ರೆ ನಿಮ್ಮದು, ಮಕ್ಕಳನ್ನು ಮಲಗಿಸುವುದೂ ನಿಮ್ಮದು" ಅಂತ ಹೇಳಿ. ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ ಸಿಕ್ಕರೂ ಸಾಕು, ಶುರು ಮಾಡಬಹುದು.

ಇನ್ನು ಆ ತಪ್ಪು ಮಾಡಿದ ಭಾವನೆ. ಅದರ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ನಮ್ಮ ಕಡೆ ಬಾಣಂತಿಗೆ ಎಷ್ಟು ಆರೈಕೆ ಮಾಡುತ್ತಾರೆ ನೋಡಿ. ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಾರೆ, ಅಂಟಿನುಂಡೆ ಕೊಡುತ್ತಾರೆ, ತಣ್ಣೀರು ಮುಟ್ಟಲು ಬಿಡುವುದಿಲ್ಲ. ತವರಿನಿಂದ ವಾಪಸ್ ಬಂದ ದಿನದಿಂದ ಆರೈಕೆ ಅನ್ನುವ ಮಾತೇ ಅವಳ ಹೆಸರಿನ ಜೊತೆ ಬರುವುದಿಲ್ಲ. ಅವಳು ಆರೈಕೆ ಮಾಡುವವಳು ಅಷ್ಟೆ. ಹತ್ತು ವರ್ಷ ಹಾಗೇ ಬದುಕಿದ ಮೇಲೆ ಸುಮ್ನೆ ಕೂರಲು ಹೆದರಿಕೆ ಆಗುತ್ತದೆ, ಅಲ್ವಾ?

ಚಿತ್ರದುರ್ಗದ ಹತ್ತಿರದ ಹಳ್ಳಿಯಲ್ಲಿ ನಮ್ಮಜ್ಜಿ ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆ, ಪಂಚೆ ಪದರಪದರವಾಗಿ ಹಾಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ. ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟ ಮೇಲೆ ಪಡಸಾಲೆಯಲ್ಲಿ ಕೂತರೆ ಅವರನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಯಾಕೆಂದರೆ ಅದು ಕೆಲಸ. ಮನೆಗೆ ಹೊದಿಕೆ ಆಗುತ್ತದೆ. ಆದರೆ ಒಂದು ಕೌದಿಯ ಮೂಲೆಯಲ್ಲಿ, ಮಡಚಿದರೆ ಒಳಗೆ ಹೋಗುವ ಕಡೆ, ಕೆಂಪು ಚೂರು ಬಟ್ಟೆಯಲ್ಲಿ ಒಂದು ಪುಟ್ಟ ಹಕ್ಕಿ ಇತ್ತು. ಕೊಕ್ಕಿಗೆ ಹಳದಿ ದಾರದ ಮೂರು ಹೊಲಿಗೆ. ಅದರಿಂದ ಕೌದಿ ಹೆಚ್ಚು ಬೆಚ್ಚಗೇನೂ ಆಗುವುದಿಲ್ಲ. ಅಜ್ಜಿಗೆ ಬೇಕಿತ್ತು, ಹಾಕಿಕೊಂಡರು. ಅವರು ಹೋಗಿ ಎಷ್ಟೋ ವರ್ಷದ ಮೇಲೆ ನಾನು ಅದನ್ನು ನೋಡಿದೆ.

ನಾನು ಹೇಳುತ್ತಿರುವುದು ಆ ಹಕ್ಕಿಯ ಬಗ್ಗೆ. ಈಗ ಕಲೆ ಅಂದ ತಕ್ಷಣ "ಮಾರಬಹುದಲ್ಲ, ಇನ್‌ಸ್ಟಾಗ್ರಾಮಿಗೆ ಹಾಕು, ಮಗಳಿಗೂ ಕಲಿಸು" ಅನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಶುರುವಿನಲ್ಲೇ ಬೇಡ. ಅದು ನಿಮ್ಮ ಪಟ್ಟಿಗೆ ಇನ್ನೊಂದು ಕೆಲಸ ಆಗಿಬಿಡುತ್ತದೆ. ಬಾಗಿಲ ಮುಂದೆ ದಿನಾ ರಂಗೋಲಿ ಹಾಕುತ್ತೀರಲ್ಲ, ಸಾಲದಾ ಎಂದೂ ಕೇಳುತ್ತಾರೆ. ಹಾಲು ಉಕ್ಕುವ ಮೊದಲು ಓಡಿ ಬಂದು ಎಳೆಯುವ ನಾಲ್ಕು ಗೆರೆ ಕೆಲಸವೇ. ಒಂದು ಭಾನುವಾರ ನಿಮಗೇ ಆಸೆಯಾಗಿ ಹದಿನೈದು ಚುಕ್ಕಿಯದು ಹಾಕಿದರೆ ಅದು ಬೇರೆ.

ಕೈ ಜಡ್ಡುಗಟ್ಟಿದೆ ಎಂಬ ಭಯ ಬೇಡ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 39 ಜನರನ್ನು 45 ನಿಮಿಷ ಕೂರಿಸಿ, ಜೇಡಿಮಣ್ಣು, ಮಾರ್ಕರ್ ಪೆನ್ನು, ಬಣ್ಣದ ಕಾಗದ ಕೊಟ್ಟು ಏನು ಬೇಕಾದರೂ ಮಾಡಿ ಎಂದರು. ಮೊದಲೂ ಆಮೇಲೂ ಎಂಜಲು ಪರೀಕ್ಷೆ ಮಾಡಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದೇ. ಆದರೂ ಅದರಲ್ಲಿ ನನಗೆ ಇಷ್ಟವಾದ ಮಾತು ಒಂದಿದೆ: ಚಿತ್ರ ಬಿಡಿಸಿ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಸಾಮಾನು ಜಾಸ್ತಿ ಬೇಡ. ಗೆರೆ ಇಲ್ಲದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಬೀರುವಿನಲ್ಲಿ ಎತ್ತಿಡಬೇಡಿ, ಸಾಂಬಾರ್ ಪುಡಿ ಡಬ್ಬದ ಪಕ್ಕದಲ್ಲೇ ಇರಲಿ. ಹುಡುಕುವುದರಲ್ಲೇ ಇದ್ದ ಹತ್ತು ನಿಮಿಷ ಹೋಗಬಾರದು. ಅರ್ಧಕ್ಕೆ ಬಿಟ್ಟು ಎದ್ದರೂ ಬೇಜಾರಿಲ್ಲ. ಮಕ್ಕಳು ಬಂದು ಗೀಚಿದರೆ ಅವರಿಗೆ ಬೇರೆ ಪುಸ್ತಕ ಕೊಡಿ. "ಇದು ಅಮ್ಮನದು" ಎಂದು ಹೇಳಲು ಸಂಕೋಚಪಡಬೇಡಿ.

ಒಂದು ಮಾತು ಗಂಭೀರವಾಗಿ ಹೇಳಬೇಕು. ಎರಡು ವಾರ ಕಳೆದರೂ ಮನಸ್ಸು ಮೇಲೇಳದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಯಾಕೆ ಬದುಕಬೇಕು ಅನಿಸಿದರೆ, ಅದಕ್ಕೆ ಪೆನ್ಸಿಲ್ಲು ಮದ್ದಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೊನೆಗೆ ನಿಮ್ಮ ಪತ್ರದ ವಿಷಯ. 11 ವರ್ಷ ಚಿತ್ರ ಬಿಡಿಸಿಲ್ಲ ಎಂದು ಬರೆದ ಹಾಳೆಯ ಎಡ ಅಂಚಿನಲ್ಲಿ, ನೀಲಿ ಬಾಲ್‌ಪೆನ್ನಿನಲ್ಲಿ ಒಂದು ಕುಕ್ಕರ್ ಇದೆ. ಅದರ ವಿಷಲ್ ಸ್ವಲ್ಪ ವಾಲಿದೆ, ಹಬೆ ಸುರುಳಿಯಾಗಿ ಮೇಲೆ ಹೋಗಿ ನಿಮ್ಮ ಎರಡನೇ ಸಾಲಿನ ಅಕ್ಷರಗಳನ್ನು ಸುತ್ತಿದೆ. ಬೇಳೆ ಬೇಯುವುದನ್ನು ಕಾಯುತ್ತಾ ಬಿಡಿಸಿದ್ದು ಇರಬೇಕು. ಆ ಹಿಡಿಯ ನೆರಳು ಎಷ್ಟು ಚೆನ್ನಾಗಿ ಬಂದಿದೆ! ಪತ್ರಿಕೆಯಲ್ಲಿ ಹಾಕಲೇ ಎಂದು ಕೇಳಬೇಕೆನಿಸಿತು. ಕೇಳುವುದಿಲ್ಲ. ಹಾಳೆಯನ್ನು ಇವತ್ತೇ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ.

— ಸಂಪಾದಕಿ