ಮೌಸ್ ನಿಮ್ಮ ಕೈಯಲ್ಲೇ ಇರಲಿ

ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಕೊಡುವುದು ನನ್ನ ಕೆಲಸ. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ, ಕೇಳುವ ರೀತಿ ಮಾತ್ರ ಬೇರೆ. ಅದಕ್ಕೇ ಈ ಸಲ ಆ ಮೊದಲ ಪ್ರಶ್ನೆಗೆ ಜಾಸ್ತಿ ಜಾಗ. ಗೂಗಲ್ ಮೀಟ್ ಲಿಂಕ್ ಮಾಡುವುದು, ಮೇಲ್ ಕಳಿಸುವುದು ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅವು ನಿಮಗೆ ಗೊತ್ತಿವೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ವಯಸ್ಸು 51. ಹತ್ತನೇ ತರಗತಿಗೆ ಸಂಜೆ ಗೂಗಲ್ ಮೀಟ್‌ನಲ್ಲಿ ಪಾಠ ಮಾಡಬೇಕು. ಏನೋ ತಪ್ಪು ಒತ್ತಿ ಮಕ್ಕಳ ಮುಂದೆ ಮರ್ಯಾದೆ ಹೋದರೆ ಎಂಬ ಭಯ. ಪ್ರತಿ ಸಲ ಮಗ ಬಂದು ಎಲ್ಲ ಹಾಕಿಕೊಡುತ್ತಾನೆ. ಧೈರ್ಯ ಬರಲು ಯಾವುದಾದರೂ ಕೋರ್ಸ್ ಸೇರಲೇ?

ಬೇಡ ಮೇಡಂ. ಮೊದಲು ಮಗನಿಗೆ ಬಿಡುವು ಕೊಡಿ. ಅವನು ಬಂದು ಟಕಟಕ ಅಂತ ನಾಲ್ಕು ಕಡೆ ಒತ್ತಿ ‘ಆಯ್ತು ಅಮ್ಮ’ ಎಂದು ಎದ್ದು ಹೋಗುವಾಗ ಕೆಲಸವೇನೋ ಆಗಿರುತ್ತದೆ, ಆದರೆ ಎಲ್ಲಿ ಒತ್ತಿದ, ಯಾಕೆ ಒತ್ತಿದ ಎಂಬುದು ನಿಮಗೆ ತಿಳಿದಿರುವುದಿಲ್ಲ, ಹಾಗಾಗಿ ಮುಂದಿನ ವಾರ ಮತ್ತೆ ಅವನನ್ನೇ ಕೂಗಬೇಕು. ಅವನು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಲಿ. ಮೌಸ್ ಮುಟ್ಟಬಾರದು. ನಿಮ್ಮ ಶಾಲೆಯ ‘ಕಂಪ್ಯೂಟರ್ ಗೊತ್ತಿರುವ ಮೇಷ್ಟ್ರಿ’ಗೂ ಇದೇ ಮಾತು ಅನ್ವಯಿಸುತ್ತದೆ.

ಆಮೇಲೆ, ಮಕ್ಕಳಿಲ್ಲದ ತರಗತಿಯೊಂದನ್ನು ಮಾಡಿ. ವಿಜ್ಞಾನದ ಶಿಕ್ಷಕರು ಪ್ರಯೋಗವನ್ನು ಮೊದಲು ಒಬ್ಬರೇ ಮಾಡಿ ನೋಡುತ್ತಾರೆ ಅಲ್ವಾ, ಹಾಗೆ. ಲ್ಯಾಪ್‌ಟಾಪ್‌ನಲ್ಲಿ ಮೀಟ್ ಶುರುಮಾಡಿ, ಮನೆಯವರ ಫೋನಿನಿಂದ ಅವರ ಖಾತೆಯಲ್ಲಿ ಅದೇ ಲಿಂಕ್‌ಗೆ ವಿದ್ಯಾರ್ಥಿಯಾಗಿ ಸೇರಿಕೊಳ್ಳಿ. ಫೋನಿನ ಮೈಕ್ ಮತ್ತು ಸದ್ದು ಎರಡನ್ನೂ ನಿಲ್ಲಿಸಿ, ಇಲ್ಲದಿದ್ದರೆ ಕೀರಲು ಸದ್ದು ಬರುತ್ತದೆ. ಈಗ ನೀವು ತೋರಿಸುವುದೆಲ್ಲ ಮಗುವಿಗೆ ಹೇಗೆ ಕಾಣುತ್ತದೆ ಎಂದು ನಿಮ್ಮ ಕಣ್ಣಿಗೇ ಬೀಳುತ್ತದೆ. ‘ಕಾಣ್ತಿದೆಯಾ? ಕೇಳಿಸ್ತಿದೆಯಾ?’ ಎಂದು ತರಗತಿಯುದ್ದಕ್ಕೂ ಕೇಳುವ ಗಾಬರಿ ಬಹುಪಾಲು ಇಲ್ಲೇ ಕಳೆಯುತ್ತದೆ.

ಈ ಖಾಲಿ ತರಗತಿಯಲ್ಲಿ ಬೇಕಂತಲೇ ತಪ್ಪು ಮಾಡಿ. ಇಡೀ ಪರದೆ ಹಂಚಿಕೊಂಡು, ವಾಟ್ಸಾಪ್ ಸಂದೇಶ ಬಂದಾಗ ಏನಾಗುತ್ತದೆ ನೋಡಿ. ಆಮೇಲೆ ಕ್ರೋಮ್‌ನ ಒಂದು ಟ್ಯಾಬ್ ಮಾತ್ರ ಹಂಚಿಕೊಳ್ಳಿ. ವಿಡಿಯೊ ಹಾಕಿದರೆ ಮಕ್ಕಳಿಗೆ ಸದ್ದು ಕೇಳಿಸುವುದಿಲ್ಲ ಎನ್ನುವ ದೂರು ನನಗೆ ಬರುತ್ತಲೇ ಇರುತ್ತದೆ. ಟ್ಯಾಬ್ ಹಂಚಿಕೊಳ್ಳುವಾಗ ಅದರ ಆಡಿಯೊ ಆಯ್ಕೆಯೂ ಆನ್ ಇದೆಯಾ ನೋಡಿಕೊಳ್ಳಿ, ಮುಗಿಯಿತು. ಫೋನಿನಿಂದ ಪಾಠ ಮಾಡುವವರದು ಸಾಮಾನ್ಯವಾಗಿ ಇಡೀ ಪರದೆಯೇ ಹೋಗುತ್ತದೆ, ಅದಕ್ಕೆ ಮೊದಲೇ ‘ಡು ನಾಟ್ ಡಿಸ್ಟರ್ಬ್’ ಒತ್ತಿ. ಉಚಿತ ಖಾತೆಯಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಕರೆ 60 ನಿಮಿಷಕ್ಕೆ ಮುಗಿಯುತ್ತದೆ, ಹಾಗಾಗಿ ಪಾಠವನ್ನು 45 ನಿಮಿಷಕ್ಕೆ ಹೊಂದಿಸಿಕೊಳ್ಳಿ. ಮಕ್ಕಳು ಪರದೆ ಹಂಚಿಕೊಳ್ಳದಂತೆ ತಡೆಯುವ ಆಯ್ಕೆ ಹೋಸ್ಟ್ ಕಂಟ್ರೋಲ್ಸ್‌ನಲ್ಲಿದೆ (ಅಂದರೆ ಕರೆ ನಡೆಸುವವರ ಆಯ್ಕೆಗಳಲ್ಲಿ), ಅದನ್ನೂ ಒಮ್ಮೆ ಒತ್ತಿ ನೋಡಿ.

ಇನ್ನು ‘ತಪ್ಪು ಒತ್ತಿದರೆ ಎಲ್ಲ ಹೋಗುತ್ತದೆ’ ಎಂಬ ಮಾತು. ಇದನ್ನು ಹಬ್ಬಿಸಿದವರ ಮೇಲೆ ನನಗೆ ನಿಜಕ್ಕೂ ಕೋಪವಿದೆ. ಕಂಟ್ರೋಲ್ ಹಿಡಿದು ಝಡ್ ಒತ್ತಿದರೆ ಈಗಷ್ಟೇ ಮಾಡಿದ ಬದಲಾವಣೆ ರದ್ದಾಗುತ್ತದೆ, ಅಳಿಸಿದ್ದು ಹಿಂದಕ್ಕೆ ಬರುತ್ತದೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿರುತ್ತದೆ. ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿಯಲ್ಲಿ ನಿನ್ನೆಯ ಕಡತ ಹೇಗಿತ್ತು ಎಂದೂ ಸಿಗುತ್ತದೆ. ಹೊಸ ಬಟನ್ ಕಲಿಯುವ ಮೊದಲು ಹಿಂದೆ ಬರುವ ದಾರಿ ಕಲಿಯಿರಿ. ಅದು ಗೊತ್ತಿದ್ದವರು ಒತ್ತಿ ನೋಡಲು ಹೆದರುವುದಿಲ್ಲ, ಮತ್ತು ಒತ್ತಿ ನೋಡದೆ ಯಾರೂ ಕಲಿತಿಲ್ಲ.

ಇಷ್ಟಾದ ಮೇಲೂ ತರಗತಿಯ ಮಧ್ಯೆ ಏನಾದರೂ ಕೈಕೊಡುತ್ತದೆ. ಆಗ ಗಾಬರಿಯಿಂದ ಸುಮ್ಮನಾಗಬೇಡಿ. ‘ಪರದೆ ಹೋಯಿತು, ಮತ್ತೆ ಹಾಕುತ್ತೇನೆ, ಅಲ್ಲಿಯವರೆಗೆ ಪಾಠದ ಎರಡನೇ ಪ್ರಶ್ನೆ ಬರೆಯಿರಿ’ ಎಂದು ಜೋರಾಗಿ ಹೇಳಿ. ನೆಟ್ ಕೈಕೊಟ್ಟರೆ ಕ್ಯಾಮೆರಾ ಆರಿಸಿ ಧ್ವನಿಯಲ್ಲೇ ಮುಂದುವರಿಸಿ. ಮೂವತ್ತು ಮಕ್ಕಳನ್ನು ಕಣ್ಣಿನಲ್ಲೇ ಹಿಡಿದಿಡುವ ನಿಮಗೆ ಇದು ದೊಡ್ಡದಲ್ಲ.

ಕೋರ್ಸ್ ಬಗ್ಗೆ ಕೇಳಿದಿರಿ. ‘ಏಳು ದಿನದಲ್ಲಿ ಡಿಜಿಟಲ್ ಗುರು’ ಎಂದು ಸಾವಿರಾರು ರೂಪಾಯಿ ಕೇಳುವವರು ಹೇಳಿಕೊಡುವುದು ಮೇಲೆ ಹೇಳಿದ್ದಕ್ಕಿಂತ ಕಡಿಮೆ. ಅವರ ಪ್ರಮಾಣಪತ್ರಕ್ಕೆ ಎಲ್ಲೂ ಬೆಲೆ ಇಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ.

ಪ್ರಶ್ನೆ: ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ದೀಕ್ಷಾದಲ್ಲಿ ಹಲವು ಕೋರ್ಸ್ ಮುಗಿಸಿದ್ದೇನೆ. ಆದರೂ ಆನ್‌ಲೈನ್‌ನಲ್ಲಿ ಕಲಿಯಲು ಆಗುತ್ತಿಲ್ಲ ಅನಿಸುತ್ತದೆ.

2020ರಲ್ಲಿ ಶಿಕ್ಷಕರಿಗಾಗಿ ಇರುವ ಕೇಂದ್ರ ಸರ್ಕಾರದ ನಿಷ್ಠಾ ತರಬೇತಿ ದೀಕ್ಷಾಕ್ಕೆ ಬಂದಾಗಿನಿಂದ ನೋಡುತ್ತಿದ್ದೇನೆ. ಫೋನಿನಲ್ಲಿ ವಿಡಿಯೊ ಓಡುತ್ತಿರುತ್ತದೆ, ಫೋನಿನ ಒಡೆಯರು ಬೇರೆ ಕೋಣೆಯಲ್ಲಿರುತ್ತಾರೆ, ಕ್ವಿಜ್ ಉತ್ತರ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ನಿಮ್ಮ ವಿದ್ಯಾರ್ಥಿ ಹೀಗೆ ಮಾಡಿದರೆ ಬಿಡುತ್ತೀರಾ? ಒಂದೇ ಒಂದು ಮಾಡ್ಯೂಲ್ ತೆಗೆದುಕೊಳ್ಳಿ, ನೋಟ್‌ಬುಕ್ ಇಟ್ಟುಕೊಂಡು ನಿಲ್ಲಿಸಿ ನಿಲ್ಲಿಸಿ ನೋಡಿ, ಅದರಲ್ಲಿ ಒಂದು ವಿಷಯವನ್ನು ನಾಳೆಯೇ ತರಗತಿಯಲ್ಲಿ ಬಳಸಿ.

ಪ್ರಶ್ನೆ: ಯಾವ ಲ್ಯಾಪ್‌ಟಾಪ್ ಕೊಳ್ಳಲಿ?

ಈಗಿರುವ ಫೋನಿನಲ್ಲಿ ಹತ್ತು ತರಗತಿ ಮಾಡಿ, ಆಮೇಲೆ ಕೇಳಿ.

ಪ್ರಶ್ನೆ: ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಮಕ್ಕಳ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಫೋನ್ ಕೆಟ್ಟಿದೆಯೇ?

ಫೋನ್ ಸರಿಯಾಗಿದೆ. ನೀವು ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ, ಆ ಫಾಂಟ್ ಇಲ್ಲದ ಕಡೆ ಅದು ಹಾಗೆಯೇ ಕಾಣುವುದು. ನುಡಿಯಲ್ಲೇ ಯೂನಿಕೋಡ್ (ಈಗಿನ ಫೋನುಗಳು ಓದಬಲ್ಲ ಅಕ್ಷರ ಪದ್ಧತಿ) ಆಯ್ಕೆ ಇದೆ, ಅದನ್ನು ಬಳಸಿ. ಹಳೆಯದನ್ನು ಪಿಡಿಎಫ್ ಮಾಡಿ ಕಳಿಸಿ.

ಪ್ರಶ್ನೆ: ಆನ್‌ಲೈನ್ ತರಗತಿಯ ಫೋಟೊ ಸ್ಟೇಟಸ್‌ಗೆ ಹಾಕಬಹುದೇ?

ಮಕ್ಕಳ ಮುಖ, ಹೆಸರು ಇದ್ದರೆ ಖಂಡಿತ ಬೇಡ.

ಪ್ರಶ್ನೆ: ‘ನಿಮ್ಮ ತರಬೇತಿ ಪ್ರಮಾಣಪತ್ರ ಬಾಕಿ ಇದೆ, ಓಟಿಪಿ ಹೇಳಿ’ ಎಂದು ಕರೆ ಬಂತು. ಹೇಳಿಬಿಟ್ಟೆ.

ಇದನ್ನು ಓದುವುದು ಬಿಟ್ಟು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ದುಡ್ಡು ಹೋಗಿದ್ದರೆ ಬೇಗ ಹೇಳಿದಷ್ಟೂ ತಡೆಯುವ ಸಾಧ್ಯತೆ ಜಾಸ್ತಿ. ಯಾವುದೋ ಆ್ಯಪ್ ಹಾಕಿಸಿದ್ದರೆ ಮೊದಲು ನೆಟ್ ಆರಿಸಿ ಅದನ್ನು ತೆಗೆಯಿರಿ, ಇನ್ನೊಂದು ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ನಾಚಿಕೆಪಟ್ಟು ಮನೆಯವರಿಂದ ಮುಚ್ಚಿಡಬೇಡಿ.